ಮುಳುಗಿದ ಹಡಗಿಗೆ ಕೇಳಬೇಕಾದ ಮೂರು ಪ್ರಶ್ನೆ



ಎರಡನೇ ಮಹಾಯುದ್ಧದ ಯುದ್ಧನೌಕೆ ಅಂದ ಕೂಡಲೇ ನಿಮಗೆ ಯಾವ ಹೆಸರು ನೆನಪಾಗುತ್ತದೆ? ಜರ್ಮನಿಯ ಬಿಸ್ಮಾರ್ಕ್, ಜಪಾನಿನ ಯಮಾಟೊ, ಪರ್ಲ್ ಹಾರ್ಬರಿನಲ್ಲಿ ಮುಳುಗಿದ ಅರಿಜೋನಾ. ನೀವು ಓದುವ ಶಾಲೆಯ ಪುಸ್ತಕದಲ್ಲೂ, ನೋಡುವ ಸಿನಿಮಾದಲ್ಲೂ, ಆಡುವ ವಿಡಿಯೋ ಗೇಮಿನಲ್ಲೂ ಇವೇ ತಿರುಗಿ ತಿರುಗಿ ಬರುತ್ತವೆ. ಇವೆಲ್ಲ ದೊಡ್ಡ ದೇಶಗಳ ದೊಡ್ಡ ಹಡಗುಗಳು. ಇವತ್ತಿನ ಮಾತು ಒಂದು ಸಣ್ಣ ನೌಕಾಪಡೆಯದು, ಥಾಯ್ಲೆಂಡಿನದು.

ಮೊದಲು ಕೆಲವು ಹೆಸರು ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ಥೊನ್‌ಬುರಿ, ಚೊನ್‌ಬುರಿ, ಶ್ರೀ ಅಯುಥ್ಯಾ, ಮಚ್ಛಾನು. ಏನೋ ಕೇಳಿದ ಹಾಗಿದೆ ಅಲ್ಲವೇ? ಥೊನ್‌ಬುರಿ ಅಂದರೆ ಧನಪುರಿ. ಚೊನ್‌ಬುರಿ ಅಂದರೆ ಜಲಪುರಿ. ಅಯುಥ್ಯಾ ಅಂದರೆ ನಮ್ಮ ಅಜ್ಜಿ ಹೇಳುವ ರಾಮಾಯಣದ ಅಯೋಧ್ಯೆ. ಮಚ್ಛಾನು ಯಾರು ಗೊತ್ತೇ? ಥಾಯ್ ಜನರ ರಾಮಾಯಣವಾದ ರಾಮಕಿಯೆನ್‌ನಲ್ಲಿ ಹನುಮಂತನಿಗೂ ಒಬ್ಬ ಮತ್ಸ್ಯಕನ್ಯೆಗೂ ಹುಟ್ಟಿದ ಮಗ. ಮೇಲೆ ಕೋತಿ, ಕೆಳಗೆ ಮೀನಿನ ಬಾಲ. ನೀರಿನೊಳಗೆ ಓಡಾಡುವ ಜಲಾಂತರ್ಗಾಮಿಗೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಗಬೇಕು!

ಆದರೆ ಹೆಸರು ನಮಗೆ ಗೊತ್ತು ಅಂದ ಮಾತ್ರಕ್ಕೆ ಕಥೆಯೂ ನಮಗೆ ಗೊತ್ತು ಅಂತ ತಿಳಿಯಬಾರದು. ಈ ಹಡಗುಗಳ ಕಥೆ ಪೂರ್ತಿ ಥಾಯ್ ಜನರದ್ದೇ. ಅದನ್ನು ಅರ್ಥ ಮಾಡಿಕೊಳ್ಳಲು ಪ್ರತಿ ಹಡಗಿಗೂ ಮೂರು ಪ್ರಶ್ನೆ ಕೇಳೋಣ. ನಿನ್ನನ್ನು ಕಟ್ಟಿದವರು ಯಾರು? ನಿನ್ನನ್ನು ಹೊಡೆದವರು ಯಾರು? ಈಗ ನೀನು ಎಲ್ಲಿದ್ದೀಯ?

ಕಥೆ ಶುರುವಾಗುವುದು 1893ರಲ್ಲಿ. ಆಗ ಆ ದೇಶದ ಹೆಸರು ಸಿಯಾಮ್. ಪಶ್ಚಿಮದಲ್ಲಿ ಬರ್ಮಾ ಬ್ರಿಟಿಷರ ಕೈಯಲ್ಲಿ, ಪೂರ್ವದಲ್ಲಿ ವಿಯೆಟ್ನಾಂ ಮತ್ತು ಕಾಂಬೋಡಿಯಾ ಫ್ರೆಂಚರ ಕೈಯಲ್ಲಿ. ಮಧ್ಯೆ ಸಿಯಾಮ್ ಒಂದೇ ವಸಾಹತಾಗದೆ ಉಳಿದಿತ್ತು. ಆ ವರ್ಷ ಜುಲೈ 13ರ ಸಂಜೆ ಎರಡು ಫ್ರೆಂಚ್ ಯುದ್ಧನೌಕೆಗಳು ಚಾವ್ ಫ್ರಾಯಾ ನದಿಯ ಬಾಯಲ್ಲಿದ್ದ ಕೋಟೆಯ ಗುಂಡುಗಳನ್ನು ಲೆಕ್ಕಿಸದೆ ಒಳನುಗ್ಗಿ, ನೇರ ಬ್ಯಾಂಕಾಕಿಗೆ ಬಂದು ಲಂಗರು ಹಾಕಿದವು. ರಾಜಧಾನಿಯ ಮುಂದೆ ಫಿರಂಗಿ ನಿಂತ ಮೇಲೆ ಮಾತುಕತೆ ಹೇಗಿರುತ್ತದೆ ಅಂತ ನೀವೇ ಊಹಿಸಿ. ಮೆಕಾಂಗ್ ನದಿಯ ಎಡದಂಡೆ, ಅಂದರೆ ಇವತ್ತಿನ ಲಾವೋಸಿನ ಬಹುಭಾಗ, ಫ್ರೆಂಚರ ಪಾಲಾಯಿತು. 1904 ಮತ್ತು 1907ರಲ್ಲಿ ಇನ್ನಷ್ಟು ನೆಲ ಹೋಯಿತು.

ಒಂದು ಒಳ್ಳೆಯ ನೌಕಾಪಡೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅನ್ನುವ ಕೊರಗು ಆ ದೇಶದ ಮನಸ್ಸಿನಲ್ಲಿ ಕೂತುಬಿಟ್ಟಿತು. ಎಷ್ಟರ ಮಟ್ಟಿಗೆ ಅಂದರೆ, ಜನರೇ ದುಡ್ಡು ಕೂಡಿಸಿ 1920ರಲ್ಲಿ ಬ್ರಿಟನ್ನಿನಿಂದ ಒಂದು ವಿಧ್ವಂಸಕ ನೌಕೆಯನ್ನು ಕೊಂಡರು. ರಾಜ ವಜಿರಾವುಧ್ ಕೂಡ ತನ್ನ ಹಣ ಹಾಕಿದ. ಆ ಹಡಗಿಗೆ ಫ್ರಾ ರುವಾಂಗ್ ಅಂತ ಹೆಸರಿಟ್ಟರು.

1932ರ ಕ್ರಾಂತಿಯ ನಂತರ ಬಂದ ಹೊಸ ಸರ್ಕಾರ ನೌಕಾಪಡೆಯನ್ನು ಪೂರ್ತಿ ಹೊಸದಾಗಿ ಕಟ್ಟಲು ಹೊರಟಿತು. ಇಲ್ಲಿ ನಮ್ಮ ಮೊದಲ ಪ್ರಶ್ನೆ ಬರುತ್ತದೆ: ಕಟ್ಟಿದವರು ಯಾರು? ಸಿಯಾಮಿನಲ್ಲಿ ಅಂಥ ಹಡಗು ಕಟ್ಟುವ ಕಾರ್ಖಾನೆ ಇರಲಿಲ್ಲ. ಹಾಗಾಗಿ 9 ಟಾರ್ಪಿಡೊ ದೋಣಿಗಳು ಇಟಲಿಯ ಮೊನ್‌ಫಾಲ್ಕೊನೆಯಿಂದ ಬಂದವು. ಥೊನ್‌ಬುರಿ ಮತ್ತು ಶ್ರೀ ಅಯುಥ್ಯಾ ಎಂಬ ಎರಡು ಕರಾವಳಿ ರಕ್ಷಣಾ ನೌಕೆಗಳು ಜಪಾನಿನ ಕೋಬೆಯಲ್ಲಿದ್ದ ಕವಾಸಾಕಿ ಕಾರ್ಖಾನೆಯಿಂದ ಬಂದವು. ಮಚ್ಛಾನು ಮತ್ತು ಅದರ ಮೂರು ಒಡಹುಟ್ಟಿದ ಜಲಾಂತರ್ಗಾಮಿಗಳು ಅದೇ ಕೋಬೆಯ ಮಿತ್ಸುಬಿಷಿಯಿಂದ ಬಂದವು. ತರಬೇತಿ ನೌಕೆ ಮೇಕ್ಲಾಂಗ್ ಕೂಡ ಜಪಾನಿನದೇ. ಇನ್ನೂ ದೊಡ್ಡವು ಎರಡು ಬೇಕು ಅಂತ ನರೇಸುವಾನ್ ಮತ್ತು ತಕ್ಸಿನ್ ಎಂಬ ಹೆಸರಿನ ಕ್ರೂಸರ್‌ಗಳನ್ನು ಇಟಲಿಯ ಟ್ರಿಯೆಸ್ಟೆಯಲ್ಲಿ ಕಟ್ಟಲು ಹೇಳಿದ್ದರು. ಯುದ್ಧ ಶುರುವಾದ ಮೇಲೆ ಇಟಲಿ ಆ ಎರಡನ್ನೂ ತಾನೇ ಇಟ್ಟುಕೊಂಡು ಎಟ್ನಾ, ವೆಸುವಿಯೊ ಅಂತ ಹೆಸರು ಬದಲಾಯಿಸಿತು. ಅವು ಕೊನೆಗೂ ಪೂರ್ತಿಯಾಗಲಿಲ್ಲ, ಯಾರಿಗೂ ಸಿಗಲಿಲ್ಲ.

ನೀವು ಇದನ್ನು ಸ್ವಲ್ಪ ಗಮನಿಸಬೇಕು. ಸ್ವಾತಂತ್ರ್ಯ ಕಾಪಾಡಿಕೊಳ್ಳಲು ಬೇಕಾದ ಆಯುಧವನ್ನು ಇನ್ನೊಬ್ಬರಿಂದ ಕೊಂಡರೆ, ಮಾರುವವನ ಮನಸ್ಸು ಬದಲಾದ ದಿನ ನಿಮ್ಮ ಆಯುಧವೂ ಇಲ್ಲ.

ಈಗ ಎರಡನೇ ಪ್ರಶ್ನೆ. 1940ರ ಜೂನಿನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಸಿಯಾಮ್ ಅಷ್ಟರಲ್ಲಿ ಥಾಯ್ಲೆಂಡ್ ಆಗಿತ್ತು. ಪ್ರಧಾನಿ ಪಿಬುನ್ ಸೊಂಗ್‌ಖ್ರಾಮ್, ಕಳೆದುಕೊಂಡ ನೆಲ ವಾಪಸ್ ಕೇಳಲು ಇದೇ ಸಮಯ ಅಂದುಕೊಂಡರು. ಗಡಿಯ ಚಕಮಕಿ ಯುದ್ಧವಾಯಿತು. 1941ರ ಜನವರಿಯಲ್ಲಿ ಥಾಯ್ ಸೇನೆ ನೆಲದ ಮೇಲೆ ಮುಂದೆ ಹೋಗುತ್ತಿತ್ತು. ಫ್ರೆಂಚರು ಸಮುದ್ರದಲ್ಲಿ ತಿರುಗೇಟು ಕೊಡಲು ನಿಶ್ಚಯಿಸಿದರು.

ಜನವರಿ 17ರ ಬೆಳಗಿನ ಜಾವ. ಥಾಯ್ಲೆಂಡಿನ ಪೂರ್ವ ಕರಾವಳಿಯಲ್ಲಿ ಕೊ ಚಾಂಗ್ ಎಂಬ ದ್ವೀಪವಿದೆ. ಚಾಂಗ್ ಅಂದರೆ ಆನೆ, ಅದು ಆನೆದ್ವೀಪ. ಲಾ ಮೊತ್ ಪಿಕೆ ಎಂಬ ಕ್ರೂಸರ್ ಮತ್ತು ಅದರ ಜೊತೆಗೆ ನಾಲ್ಕು ಸಣ್ಣ ಯುದ್ಧನೌಕೆಗಳು, ಒಟ್ಟು 5 ಫ್ರೆಂಚ್ ಹಡಗುಗಳು ಕತ್ತಲಲ್ಲೇ ಬಂದು ದ್ವೀಪದ ದಾರಿಗಳನ್ನು ಮುಚ್ಚಿದವು. ಒಳಗೆ ಲಂಗರು ಹಾಕಿದ್ದವು ಸೊಂಗ್‌ಖ್ಲಾ ಮತ್ತು ಚೊನ್‌ಬುರಿ ಎಂಬ ಎರಡು ಟಾರ್ಪಿಡೊ ದೋಣಿಗಳು. ಅವು ಗುಂಡು ಹಾರಿಸಿದವು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಎರಡೂ ಮುಳುಗಿದವು.

ಫಿರಂಗಿಯ ಸದ್ದಿಗೆ ಥೊನ್‌ಬುರಿ ಲಂಗರು ಎತ್ತಿ ಹೊರಟಿತು. ಲೆಕ್ಕ ನೋಡಿ. ಥೊನ್‌ಬುರಿ ಸುಮಾರು 2,300 ಟನ್ನಿನ ಹಡಗು, ವೇಗ 15 ನಾಟ್ ಚಿಲ್ಲರೆ. ಎದುರಿಗೆ 7,000 ಟನ್ ಮೀರಿದ, ಅದರ ಎರಡು ಪಟ್ಟು ವೇಗದ ಕ್ರೂಸರ್. ಥೊನ್‌ಬುರಿಯ ಹತ್ತಿರ ಇದ್ದ ಒಂದೇ ಬಲ ಅಂದರೆ 203 ಮಿಲಿಮೀಟರಿನ 4 ಫಿರಂಗಿ. ಶತ್ರುವಿನ ಫಿರಂಗಿಗಿಂತ ದೊಡ್ಡವು. ಆದರೆ ಶುರುವಿನಲ್ಲೇ ಒಂದು ಗುಂಡು ಹಡಗಿನ ಮುಂಭಾಗಕ್ಕೆ ಬಡಿದು, ಕ್ಯಾಪ್ಟನ್ ಲುವಾಂಗ್ ಫ್ರೋಮ್ ವಿರಾಫನ್ ತೀರಿಕೊಂಡರು. ಚುಕ್ಕಾಣಿ ಸಿಕ್ಕಿಕೊಂಡು ಹಡಗು ಸುತ್ತು ಹಾಕತೊಡಗಿತು. ಹಾಗಿದ್ದೂ ನಾವಿಕರು ಫಿರಂಗಿಗಳನ್ನು ಕೈಯಿಂದ ತಿರುಗಿಸಿ ಗುಂಡು ಹಾರಿಸುತ್ತಲೇ ಇದ್ದರು. ಹಡಗು ಹೊತ್ತಿ ಉರಿಯುತ್ತಿತ್ತು. ಅಷ್ಟು ಸಾಲದು ಅಂತ, ನೆರವಿಗೆ ಬಂದ ಥಾಯ್ ವಿಮಾನವೊಂದು ಶತ್ರುವಿನದೆಂದು ತಪ್ಪು ತಿಳಿದು ಥೊನ್‌ಬುರಿಯ ಮೇಲೇ ಬಾಂಬ್ ಹಾಕಿತು ಎಂದು ಆ ಕದನದ ವಿವರಗಳಲ್ಲಿ ಬರುತ್ತದೆ. ಎಂಟು ಗಂಟೆಯ ನಂತರ ಫ್ರೆಂಚರು ಹಿಂದಿರುಗಿದರು. ಚಾಂಗ್ ಎಂಬ ಇನ್ನೊಂದು ಥಾಯ್ ಹಡಗು ಥೊನ್‌ಬುರಿಯನ್ನು ದಡದ ಕಡೆ ಎಳೆಯಿತು. ಆದರೂ ಅಂದು ಸಂಜೆ ಅದು ಲೇಮ್ ಙೊಪ್ ಎಂಬಲ್ಲಿ ಮಗುಚಿಬಿತ್ತು.

ಸತ್ತವರು 36 ಜನ. ಥೊನ್‌ಬುರಿಯಲ್ಲಿ 20, ಸೊಂಗ್‌ಖ್ಲಾದಲ್ಲಿ 14, ಚೊನ್‌ಬುರಿಯಲ್ಲಿ 2. ಫ್ರೆಂಚರ ಒಂದು ಹಡಗೂ ಮುಳುಗಲಿಲ್ಲ.

ಇಲ್ಲಿಂದ ಕಥೆ ವಿಚಿತ್ರ ದಾರಿ ಹಿಡಿಯುತ್ತದೆ. ಸಮುದ್ರದಲ್ಲಿ ಗೆದ್ದ ಫ್ರಾನ್ಸ್ ಮೇಜಿನ ಮೇಲೆ ಸೋತಿತು. ಜಪಾನ್ ಮಧ್ಯೆ ಬಂತು. ಜನವರಿ ಕೊನೆಯಲ್ಲಿ ಸೈಗಾನಿನಲ್ಲಿ ನತೋರಿ ಎಂಬ ಜಪಾನಿ ಯುದ್ಧನೌಕೆಯ ಮೇಲೆ ಕದನವಿರಾಮಕ್ಕೆ ಸಹಿ ಬಿತ್ತು. ಮೇ 9ರಂದು ಟೋಕಿಯೊದಲ್ಲಿ ಒಪ್ಪಂದವಾಗಿ ಕಾಂಬೋಡಿಯಾದ ಬಟ್ಟಂಬಾಂಗ್ ಮುಂತಾದ ಭಾಗಗಳು ಥಾಯ್ಲೆಂಡಿಗೆ ಬಂದವು. ಬ್ಯಾಂಕಾಕಿನಲ್ಲಿ ವಿಜಯಸ್ತಂಭ ಎದ್ದಿತು. ಅದು ಇವತ್ತಿಗೂ ಇದೆ. ಸುತ್ತಲೂ ಬಸ್ಸು, ಟ್ಯಾಕ್ಸಿ, ಮೆಟ್ರೊ ಗಿಜಿಗುಡುತ್ತವೆ.

ಆದರೆ ಮಧ್ಯಸ್ಥಿಕೆ ಮಾಡಿದವನು ಸುಮ್ಮನೆ ಮಾಡಿರಲಿಲ್ಲ. 1941ರ ಡಿಸೆಂಬರ್ 8ರಂದು ಜಪಾನಿ ಸೈನ್ಯ ಥಾಯ್ ಕರಾವಳಿಯಲ್ಲಿ ಇಳಿಯಿತು. ಕೆಲವೇ ಗಂಟೆಗಳ ಹೋರಾಟದ ನಂತರ ಸರ್ಕಾರ ಅವರಿಗೆ ದಾರಿ ಬಿಟ್ಟಿತು. 1942ರ ಜನವರಿ 25ರಂದು ಥಾಯ್ಲೆಂಡ್ ಅಮೆರಿಕ ಮತ್ತು ಬ್ರಿಟನ್ ಮೇಲೆ ಯುದ್ಧ ಸಾರಿತು. ಹಡಗು ಮಾರಿದವನೇ ಈಗ ಮನೆಯೊಳಗೆ ಬಂದು ಕೂತಿದ್ದ. ಇನ್ನೊಂದು ಹಡಗು, ಸಮುಯ್ ಎಂಬ ಎಣ್ಣೆ ಟ್ಯಾಂಕರ್, ಸಿಂಗಾಪುರದಿಂದ ಬ್ಯಾಂಕಾಕಿಗೆ ಇಂಧನ ಹೊರುತ್ತಿತ್ತು. 1945ರ ಮಾರ್ಚ್ 17ರಂದು ಅಮೆರಿಕದ ಸೀಲಯನ್ ಎಂಬ ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ಅತ್ತ ಕೊ ಚಾಂಗ್ ಗೆದ್ದ ಲಾ ಮೊತ್ ಪಿಕೆ ಕೂಡ ಅದೇ ವರ್ಷ ಜನವರಿ 12ರಂದು ಸೈಗಾನಿನ ಹತ್ತಿರ ಅಮೆರಿಕದ ವಿಮಾನಗಳಿಗೆ ಬಲಿಯಾಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಥಾಯ್ಲೆಂಡ್ ಪಡೆದ ನೆಲವನ್ನೆಲ್ಲ ಹಿಂದಿರುಗಿಸಬೇಕಾಯಿತು. ವಿಜಯಸ್ತಂಭ ಮಾತ್ರ ಉಳಿಯಿತು.

ಹಾಗಾದರೆ ಮಚ್ಛಾನು ಏನು ಮಾಡಿತು? ನಾಲ್ಕು ಜಲಾಂತರ್ಗಾಮಿಗಳೂ ಶತ್ರುವಿನ ಒಂದು ಹಡಗನ್ನೂ ಮುಳುಗಿಸಲಿಲ್ಲ. ಆದರೆ 1945ರ ಏಪ್ರಿಲಿನಲ್ಲಿ ಮಿತ್ರಪಡೆಗಳ ವಿಮಾನಗಳು ಬ್ಯಾಂಕಾಕಿನ ಸಾಮ್ಸೆನ್ ಮತ್ತು ವಾಟ್ ಲಿಯಬ್ ವಿದ್ಯುತ್ ಕೇಂದ್ರಗಳನ್ನು ಹೊಡೆದು ಹಾಕಿದವು. ಊರು ಕತ್ತಲಾಯಿತು, ಟ್ರಾಮ್ ನಿಂತಿತು. ಜಲಾಂತರ್ಗಾಮಿ ನೀರೊಳಗೆ ಓಡುವುದು ಬ್ಯಾಟರಿಯಿಂದ. ಆ ಬ್ಯಾಟರಿ ತುಂಬಲು ಒಳಗೆ ಡೀಸೆಲ್ ಎಂಜಿನ್ನೂ ಜನರೇಟರೂ ಇರುತ್ತವೆ. ಮಚ್ಛಾನು ಮತ್ತು ಅದರ ಜೊತೆಯ ವಿರುಣ್ ನದಿಯ ದಡಕ್ಕೆ ಬಂದು ನಿಂತು, ತಂತಿ ಎಳೆದು, ಟ್ರಾಮ್ ಓಡಿಸಲು ವಿದ್ಯುತ್ ಕೊಟ್ಟವು. ಯುದ್ಧಕ್ಕೆಂದು ತಂದ ಹಡಗು ಊರಿನ ಜನ ಕೆಲಸಕ್ಕೆ ಹೋಗಿ ಬರಲು ನೆರವಾಯಿತು. ನನ್ನನ್ನು ಕೇಳಿದರೆ ಆ ನೌಕಾಪಡೆ ಮಾಡಿದ ದೊಡ್ಡ ಕೆಲಸಗಳಲ್ಲಿ ಅದೂ ಒಂದು.

ಉಳಿದದ್ದು ಶ್ರೀ ಅಯುಥ್ಯಾ. ಥೊನ್‌ಬುರಿಯ ಅವಳಿ. ಯುದ್ಧದಲ್ಲಿ ಅದಕ್ಕೆ ಏನೂ ಆಗಲಿಲ್ಲ. 1951ರ ಜೂನ್ 29ರಂದು ಅಮೆರಿಕ ಕೊಟ್ಟ ಮ್ಯಾನ್‌ಹಟನ್ ಎಂಬ ಹೂಳೆತ್ತುವ ಹಡಗನ್ನು ಸ್ವೀಕರಿಸುವ ಸಮಾರಂಭವಿತ್ತು. ಮತ್ತೆ ಪ್ರಧಾನಿಯಾಗಿದ್ದ ಪಿಬುನ್ ಅಲ್ಲಿಗೆ ಬಂದಾಗ ನೌಕಾಪಡೆಯ ಕೆಲವು ಅಧಿಕಾರಿಗಳು ಬಂದೂಕು ತೋರಿಸಿ ಅವರನ್ನು ಹಿಡಿದು ಶ್ರೀ ಅಯುಥ್ಯಾ ಹಡಗಿಗೆ ಒಯ್ದರು. ಭೂಸೇನೆ, ಪೊಲೀಸ್, ವಾಯುಪಡೆ ಸರ್ಕಾರದ ಕಡೆ ನಿಂತವು. ಮರುದಿನ ವಾಯುಪಡೆ, ಒಳಗೆ ಪ್ರಧಾನಿ ಇದ್ದಾರೆ ಅಂತ ಗೊತ್ತಿದ್ದೂ, ಹಡಗಿನ ಮೇಲೆ ಬಾಂಬ್ ಹಾಕಿತು. ಪಿಬುನ್ ನದಿಗೆ ಹಾರಿ ಈಜಿ ದಡ ಸೇರಿ ಬದುಕಿದರು. ಹಡಗು ಚಾವ್ ಫ್ರಾಯಾ ನದಿಯಲ್ಲೇ ಮುಳುಗಿತು. ಫ್ರೆಂಚರೂ ಹೊಡೆಯದ, ಅಮೆರಿಕನ್ನರೂ ಹೊಡೆಯದ ಹಡಗನ್ನು ಹೊಡೆದದ್ದು ತನ್ನದೇ ದೇಶದ ವಿಮಾನ. ಆಮೇಲೆ ಸರ್ಕಾರ ನೌಕಾಪಡೆಯ ರೆಕ್ಕೆ ಕತ್ತರಿಸಿತು. ಬಿಡಿಭಾಗ ಸಿಗದೆ ಹಳತಾಗಿದ್ದ ನಾಲ್ಕು ಜಲಾಂತರ್ಗಾಮಿಗಳೂ ಅದೇ ನವೆಂಬರಿನಲ್ಲಿ ಸೇವೆಯಿಂದ ಹೊರಬಿದ್ದವು.

ಮೂರನೇ ಪ್ರಶ್ನೆ: ಈಗ ಎಲ್ಲಿ? ನೀವು ಊರಿಗೆ ಹೋಗುವಾಗ ಬ್ಯಾಂಕಾಕಿನಲ್ಲಿ ವಿಮಾನ ಬದಲಾಯಿಸುವಂತಿದ್ದರೆ, ಒಂದು ದಿನ ಉಳಿದುಕೊಳ್ಳಿ. ಪಕ್ಕದ ಜಿಲ್ಲೆಯ ಹೆಸರು ಸಮುತ್ ಪ್ರಾಕಾನ್. ಬಿಡಿಸಿ ನೋಡಿ: ಸಮುದ್ರ, ಪ್ರಾಕಾರ. ಸಮುದ್ರಕ್ಕೆ ಕಟ್ಟಿದ ಕೋಟೆಗೋಡೆ. ಮುಳುಗಿದ್ದ ಥೊನ್‌ಬುರಿಯನ್ನು ಮೇಲೆತ್ತಿ ಎಷ್ಟೋ ವರ್ಷ ನಿಂತಲ್ಲೇ ಬಳಸಿ, ಕೊನೆಗೆ ಒಡೆದುಹಾಕಿದರು. ಅದರ ಮುಂದಿನ ಫಿರಂಗಿ ಗೋಪುರವನ್ನೂ ಕ್ಯಾಪ್ಟನ್ ನಿಲ್ಲುವ ಕಟ್ಟೆಯನ್ನೂ ಮಾತ್ರ ಅಲ್ಲಿನ ನೌಕಾ ಅಕಾಡೆಮಿಯಲ್ಲಿ ಇಟ್ಟಿದ್ದಾರೆ. ಮಚ್ಛಾನುವಿನ ಮೇಲ್ಭಾಗ ಅಲ್ಲಿಯೇ ನೌಕಾ ವಸ್ತುಸಂಗ್ರಹಾಲಯದಲ್ಲಿದೆ. 1937ರಲ್ಲಿ ಸೇವೆಗೆ ಸೇರಿದ ಮೇಕ್ಲಾಂಗ್, 1990ರ ದಶಕದವರೆಗೂ ದುಡಿದು, ಈಗ ನದಿಯ ಬಾಯಲ್ಲಿ, 1893ರಲ್ಲಿ ಫ್ರೆಂಚರ ಮೇಲೆ ಗುಂಡು ಹಾರಿಸಿದ ಅದೇ ಕೋಟೆಯ ಪಕ್ಕ ನಿಂತಿದೆ. ನೀವು ಹತ್ತಿ ನೋಡಬಹುದು. ಲೇಮ್ ಙೊಪ್‌ನಲ್ಲಿ ಪ್ರತಿ ಜನವರಿ 17ರಂದು ನೌಕಾಪಡೆಯವರು ಆ 36 ಜನರನ್ನು ನೆನೆಯುತ್ತಾರೆ.

ನೀವು ಎರಡು ದೇಶದ ಇತಿಹಾಸ ಕೇಳಿಕೊಂಡು ಬೆಳೆಯುತ್ತಿರುವವರು. ಎರಡೂ ಕಡೆ ದೊಡ್ಡವರು ಗೆಲುವಿನ ಕಥೆಯನ್ನೇ ಹೆಚ್ಚು ಹೇಳುತ್ತಾರೆ. ಮುಂದೆ ಯಾವ ದೇಶದ ವಿಜಯಸ್ತಂಭದ ಮುಂದೆ ನಿಂತರೂ, ಆ ಯುದ್ಧದಲ್ಲಿ ಮುಳುಗಿದ ಒಂದು ಹಡಗನ್ನು ಹುಡುಕಿ ಈ ಮೂರು ಪ್ರಶ್ನೆ ಕೇಳಿ. ಸ್ತಂಭ ಹೇಳದ ಎಷ್ಟೋ ವಿಷಯ ಅದು ಹೇಳುತ್ತದೆ.