ರಂಗನ ಜನಿವಾರ, ಪೋಪಟನ ಅಡ್ಡಹೆಸರು

ಹಬ್ಬಕ್ಕೆಂದು ಊರಿಗೆ ಹೋದಾಗ ಬಾಗಿಲಲ್ಲೇ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುವ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ, ಅಲ್ಲವೇ? ಪೇಟೆ ಸೇರಿದ ಮೇಲೆ ಹುಡುಗ ಕೆಟ್ಟನೋ ಹೇಗೆ ಎಂಬ ಅನುಮಾನ ಅವರಿಗೆ. ಆ ಅಜ್ಜಿ ಕನ್ನಡ ಸಣ್ಣಕಥೆಯೊಳಗೆ ಬಂದು ಕೂತು ನೂರು ವರ್ಷ ದಾಟಿದೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಶ್ರೀನಿವಾಸ’ ಎಂಬ ಕಾವ್ಯನಾಮದಲ್ಲಿ ತಮ್ಮ ಮೊದಲ ಸಂಕಲನ ‘ಕೆಲವು ಸಣ್ಣ ಕಥೆಗಳು’ ಪ್ರಕಟಿಸಿದ್ದು 1920ರಲ್ಲಿ. ಅದರಲ್ಲಿನ ‘ರಂಗನ ಮದುವೆ’ ನೆನಪಿದೆಯೇ? ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿ ರಂಗ ಹೊಸಹಳ್ಳಿಗೆ ಮರಳುತ್ತಾನೆ. ಊರಿಗೆ ಊರೇ ನೋಡಲು ಓಡುತ್ತದೆ. ಒಬ್ಬ ಮುದುಕಿ ಅವನ ಎದೆ ಸವರಿ, ಜನಿವಾರ ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಾಳೆ. ಹುಡುಗ ಹಾಗೇ ಇದ್ದಾನೆಂದು ತಿಳಿದದ್ದೇ ತಡ, ಜನ ನಿರಾಸೆಯಿಂದ ಚದುರುತ್ತಾರೆ! ರಂಗನ ಮುಖ ನನಗೆ ಕಣ್ಣಿಗೆ ಕಟ್ಟುವುದಿಲ್ಲ, ನಿಜ. ಆ ಮುದುಕಿಯ ಕೈಯಿಂದಲೇ ನಾನು ಅವನನ್ನು ನಂಬಿದೆ.

ಇನ್ನು ಕಥೆ ಹೇಳುವ ಶಾಮ. ತಕ್ಕ ಹುಡುಗಿ ಸಿಗುವವರೆಗೆ ಮದುವೆ ಒಲ್ಲೆ ಎನ್ನುವ ರಂಗನಿಗೆ ರತ್ನಳನ್ನು ತೋರಿಸಿ, ಅವಳಿಗೆ ಮದುವೆಯಾಗಿದೆ ಎಂದು ಸುಳ್ಳು ಹೇಳುತ್ತಾನೆ. ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳಿಗೆ ಮೊದಲೇ ಪಾಠ ಒಪ್ಪಿಸಿ ರಂಗನನ್ನು ಅಲ್ಲಿಗೆ ಕರೆದೊಯ್ಯುತ್ತಾನೆ. ತನ್ನ ಕಿತಾಪತಿಯನ್ನು ತಾನೇ ನಗುತ್ತ ಹೇಳಿಕೊಳ್ಳುವವನನ್ನು ನಂಬದಿರುವುದು ಹೇಗೆ? ರತ್ನಳಿಗೆ ಮಾತ್ರ ಆಗ ಹನ್ನೊಂದೇ ವರ್ಷ. ಇಂದು ಓದಿದರೆ ಶಾಮನ ನಗುವಿನಲ್ಲಿ ಪಾಲುಗೊಳ್ಳಲು ಮನಸ್ಸು ಬಾರದು. ಆದರೂ ಅವನು ಆ ಕಾಲದ, ಆ ಊರಿನ ಮನುಷ್ಯನೇ ಸರಿ.

ಹಾಗಾದರೆ ಯಾರೂ ಯಾರನ್ನೂ ಅರಿಯದ ನಗರದಲ್ಲಿ ಪಾತ್ರವನ್ನು ಗುರುತಿಸುವವರು ಯಾರು? ವರ್ಷಗಟ್ಟಲೆ ಮುಂಬಯಿಯಲ್ಲಿ ಬಾಳಿದ ಗೋಕರ್ಣದ ಜಯಂತ ಕಾಯ್ಕಿಣಿ ಅವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕೂಡ ಮದುವೆಯ ಕಥೆಯೇ. ಇಲ್ಲಿ ಎದೆ ಸವರುವ ಅಜ್ಜಿ ಇಲ್ಲ. ಪೋಪಟ್ ಮತ್ತು ಆಸಾವರಿ ಲೋಖಂಡೆ ತಮ್ಮ ಲಗ್ನಪತ್ರಿಕೆಯನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕು. ಪೋಪಟ್ ಅನಾಥನಾಗಿ ಬೆಳೆದವನು. ಹೆಸರಿನ ಮುಂದಿನ ಅಡ್ಡಹೆಸರೇ ಅವನಿಗೆ ತೊಡಕು. ನಮ್ಮ ಪತ್ರಿಕೆಗಳಲ್ಲಿ ‘ಇಂಥವರ ಸುಪುತ್ರ’ ಎಂಬ ಸಾಲನ್ನು ನಾವು ಓದುವುದೂ ಇಲ್ಲ. ಆ ಸಾಲು ಖಾಲಿಯಿರುವವನ ಪಾಡು ಈ ಕಥೆಯಲ್ಲಿ ತಟ್ಟುತ್ತದೆ. ಇದೇ ಹೆಸರಿನ ಸಂಕಲನ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ 2018ರ ಡಿಎಸ್‌ಸಿ ಪ್ರಶಸ್ತಿ ಪಡೆಯಿತು.

ರಂಗ ಕೊನೆಗೆ ತನ್ನ ಮಗನಿಗೆ ಶಾಮನ ಹೆಸರನ್ನೇ ಇಡುತ್ತಾನೆ. ಪೋಪಟನ ಪತ್ರಿಕೆಯಲ್ಲಿ ಏನು ಅಚ್ಚಾಯಿತು ಎಂಬುದನ್ನು ನಾನು ಹೇಳುವುದಿಲ್ಲ. ಈ ಭಾನುವಾರ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೆ ನೀವೇ ಓದಿ ನೋಡಿ.