ದೋಣಿಯಲ್ಲಿ ಮಾಡಿಕೊಂಡ ಕರಾರು

1884ರ ಜುಲೈ 5ರಂದು ‘ಮಿನ್ಯೊನೆಟ್’ ಎಂಬ ಪುಟ್ಟ ಹಾಯಿನೌಕೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಇಂಗ್ಲೆಂಡಿನಿಂದ ಸಿಡ್ನಿಗೆ ಹೊರಟಿದ್ದ ನೌಕೆ ಅದು. ಕ್ಯಾಪ್ಟನ್ ಟಾಮ್ ಡಡ್ಲಿ, ಅವನ ಸಹಾಯಕ ಸ್ಟೀಫನ್ಸ್, ನಾವಿಕ ಬ್ರೂಕ್ಸ್ ಹಾಗೂ ಹದಿನೇಳರ ಹುಡುಗ ರಿಚರ್ಡ್ ಪಾರ್ಕರ್ 13 ಅಡಿಯ ದೋಣಿಗೆ ಇಳಿದರು. ಜೊತೆಗಿದ್ದದ್ದು ಎರಡು ಡಬ್ಬಿ ಟರ್ನಿಪ್ ಗೆಡ್ಡೆ. ಕುಡಿಯಲು ನೀರಿಲ್ಲ. ನಾಲ್ಕನೆಯ ದಿನ ಒಂದು ಆಮೆ ಸಿಕ್ಕಿತು, ಅದೂ ಮುಗಿಯಿತು. ಚೀಟಿ ಎತ್ತಿ ಒಬ್ಬನನ್ನು ಬಲಿ ಕೊಡೋಣ ಎಂದು ಡಡ್ಲಿ ಹೇಳಿದ, ಬ್ರೂಕ್ಸ್ ಒಪ್ಪಲಿಲ್ಲ. ಹುಡುಗನನ್ನಂತೂ ಯಾರೂ ಕೇಳಲೇ ಇಲ್ಲ. ಸಮುದ್ರದ ನೀರು ಕುಡಿದು ಅವನು ದೋಣಿಯ ತಳದಲ್ಲಿ ಬಿದ್ದಿದ್ದ. ಇಪ್ಪತ್ತನೆಯ ದಿನದ ಹೊತ್ತಿಗೆ ಸ್ಟೀಫನ್ಸ್‌ನ ಸಮ್ಮತಿಯಿಂದ ಡಡ್ಲಿ ಅವನನ್ನು ಕೊಂದ. ಬ್ರೂಕ್ಸ್ ಸೇರಿ ಮೂವರೂ ತಿಂದರು. ಅದಾಗಿ ನಾಲ್ಕನೆಯ ದಿನ ಜರ್ಮನ್ ಹಡಗೊಂದು ಅವರನ್ನು ಎತ್ತಿಕೊಂಡಿತು.

ಡಡ್ಲಿ ಏನನ್ನೂ ಮುಚ್ಚಿಡಲಿಲ್ಲ. ಊರು ಮುಟ್ಟಿದ್ದೇ ನಡೆದದ್ದನ್ನೆಲ್ಲ ಬರೆದುಕೊಟ್ಟ. ಚೀಟಿ ಎತ್ತುವುದು ನಾವಿಕರ ಹಳೆಯ ಪದ್ಧತಿ, ಶಿಕ್ಷೆಯಾಗಲಾರದು ಎಂಬ ನಂಬಿಕೆ ಅವನದು. ಜನರ ಅನುಕಂಪವೂ ಅವನ ಕಡೆಗೇ ಇತ್ತು. ಆದರೆ ಡಿಸೆಂಬರಿನಲ್ಲಿ ಲಾರ್ಡ್ ಕೋಲ್‌ರಿಜ್ ಕೊಟ್ಟ ತೀರ್ಪು ಸ್ಪಷ್ಟವಾಗಿತ್ತು: ಪ್ರಾಣಸಂಕಟ ಕೊಲೆಗೆ ಸಮರ್ಥನೆಯಲ್ಲ. ಯಾರ ಜೀವ ಹೆಚ್ಚು ಬೆಲೆಯದು ಎಂದು ಅಳೆಯುವವರು ಯಾರು? ಅತಿ ದುರ್ಬಲನನ್ನೇ ಏಕೆ ಆರಿಸಬೇಕಿತ್ತು? ಡಡ್ಲಿಗೂ ಸ್ಟೀಫನ್ಸ್‌ಗೂ ಮರಣದಂಡನೆಯಾಯಿತು. ಸರ್ಕಾರ ಅದನ್ನು ಆರು ತಿಂಗಳ ಸೆರೆವಾಸಕ್ಕೆ ಇಳಿಸಿತು.

ಈ ಮೊಕದ್ದಮೆಗೆ 65 ವರ್ಷಗಳ ನಂತರ ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ಲಾನ್ ಫುಲ್ಲರ್ ಕಥೆಯ ರೂಪ ಕೊಟ್ಟರು. 1949ರಲ್ಲಿ ಹಾರ್ವರ್ಡ್‌ನ ಕಾನೂನು ಪತ್ರಿಕೆಯಲ್ಲಿ ಬಂದ ಅದು ಕ್ರಿ.ಶ. 4300ರ ನ್ಯಾಯಾಲಯದ ತೀರ್ಪಿನ ವೇಷದಲ್ಲಿದೆ. ಗುಹೆ ನೋಡಲು ಹೋದ ಐವರು ಬಂಡೆ ಕುಸಿದು ಒಳಗೆ ಸಿಕ್ಕಿಬೀಳುತ್ತಾರೆ. ಅವರನ್ನು ತೆಗೆಯುವ ಕೆಲಸದಲ್ಲಿ ಹತ್ತು ಮಂದಿ ಕೆಲಸಗಾರರು ಸಾಯುತ್ತಾರೆ. ಇಪ್ಪತ್ತನೆಯ ದಿನ ರೇಡಿಯೊ ಸಂಪರ್ಕ ಸಿಕ್ಕಾಗ, ಹೊರಬರಲು ಇನ್ನೂ ಕನಿಷ್ಠ ಹತ್ತು ದಿನ ಬೇಕೆಂದು ತಿಳಿಯುತ್ತದೆ. ಒಬ್ಬನನ್ನು ತಿಂದರೆ ಉಳಿಯಬಹುದೇ? ವೈದ್ಯರು ಒಲ್ಲದ ಮನಸ್ಸಿನಿಂದ ಹೌದೆನ್ನುತ್ತಾರೆ. ದಾಳ ಹಾಕಿ ಆರಿಸಬಹುದೇ? ಈ ಪ್ರಶ್ನೆಗೆ ಉತ್ತರಿಸಲು ವೈದ್ಯರಾಗಲಿ, ನ್ಯಾಯಾಧೀಶರಾಗಲಿ, ಪಾದ್ರಿಯಾಗಲಿ ಮುಂದೆ ಬರುವುದಿಲ್ಲ. ದಾಳದ ಮಾತು ಮೊದಲು ಎತ್ತಿದವನು ವೆಟ್‌ಮೋರ್. ಕೊನೆ ಗಳಿಗೆಯಲ್ಲಿ ಇನ್ನೊಂದು ವಾರ ಕಾಯೋಣ ಎಂದು ಹಿಂದೆ ಸರಿದವನೂ ಅವನೇ. ಉಳಿದವರು ಅವನ ಪರವಾಗಿ ತಾವೇ ದಾಳ ಹಾಕುತ್ತಾರೆ. ಅದು ಅವನ ಮೇಲೆಯೇ ಬೀಳುತ್ತದೆ.

ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಓದಿದವರಿಗೆ ಹಾಬ್ಸ್, ಲಾಕ್, ರೂಸೋ ಎಂಬ ಮೂರು ಹೆಸರು ಒಂದೇ ಉಸಿರಿನಲ್ಲಿ ನೆನಪಿರುತ್ತವೆ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ಫುಲ್ಲರ್ ಅದನ್ನು ಗುಹೆಯೊಳಕ್ಕೆ ಒಯ್ದರು. ಕಥೆಯ ಐವರು ನ್ಯಾಯಾಧೀಶರಲ್ಲಿ ಫಾಸ್ಟರ್ ಎಂಬಾತ ಹೇಳುವುದು ಇಷ್ಟು: ಸಹಬಾಳ್ವೆ ಸಾಧ್ಯವಿರುವಲ್ಲಿ ಮಾತ್ರ ಕಾನೂನಿಗೆ ಅರ್ಥ, ಗುಹೆ ಮುಚ್ಚಿದಾಗ ಅವರು ನಾಗರಿಕ ಸಮಾಜದಿಂದ ಹೊರಬಿದ್ದು ನಿಸರ್ಗ ಸ್ಥಿತಿಗೆ ಮರಳಿದರು, ಅಲ್ಲಿ ಅವರದೇ ಹೊಸ ಒಪ್ಪಂದ ಹುಟ್ಟಿತು. ಸಹನ್ಯಾಯಾಧೀಶ ಟ್ಯಾಟಿಂಗ್ ಕೂಡಲೇ ಕೇಳುತ್ತಾನೆ: ಅವರು ಈ ನಿಸರ್ಗ ಸ್ಥಿತಿಗೆ ಹೋದದ್ದು ಯಾವಾಗ? ಬಂಡೆ ಬಿದ್ದಾಗಲೋ, ಹಸಿವು ಹೆಚ್ಚಾದಾಗಲೋ, ದಾಳದ ಮಾತು ಮುಗಿದಾಗಲೋ?

ಟ್ಯಾಟಿಂಗ್‌ನ ಆಕ್ಷೇಪ ಚುರುಕಾದದ್ದು. ಆದರೆ ಫಾಸ್ಟರ್‌ಗೆ ಹೆಚ್ಚು ತೊಡಕಾಗುವವರು ಅವನು ನೆಚ್ಚಿದ ಪರಂಪರೆಯ ಹಿರಿಯರೇ. ಹಾಬ್ಸ್ 1651ರ ‘ಲೆವಿಯಾಥನ್’ನಲ್ಲಿ, ಬಲಪ್ರಯೋಗಕ್ಕೆ ಎದುರು ನಿಂತು ಪ್ರಾಣ ಉಳಿಸಿಕೊಳ್ಳುವುದಿಲ್ಲ ಎಂದು ಯಾರು ಮಾತು ಕೊಟ್ಟರೂ ಆ ಮಾತು ಅಸಿಂಧು ಎನ್ನುತ್ತಾನೆ. ಅಂದರೆ ದಾಳಕ್ಕೆ ಮನಸಾರೆ ಒಪ್ಪಿದ್ದರೂ ಚಾಕು ಎತ್ತಿದಾಗ ವೆಟ್‌ಮೋರ್ ತಿರುಗಿ ಬೀಳಬಹುದಿತ್ತು. ಲಾಕ್‌ನದು ಇನ್ನೂ ಬಿಗಿ. ಮನುಷ್ಯನಿಗೆ ತನ್ನ ಜೀವದ ಮೇಲೆಯೇ ಪೂರ್ಣ ಅಧಿಕಾರವಿಲ್ಲ. ತನ್ನಲ್ಲಿಲ್ಲದ ಅಧಿಕಾರವನ್ನು ಕರಾರಿನ ಮೂಲಕ ಇನ್ನೊಬ್ಬನಿಗೆ ಕೊಡಲಾಗದು. ನಿಸರ್ಗ ಸ್ಥಿತಿಗೂ ಅವನಲ್ಲಿ ಒಂದು ನಿಯಮವಿದೆ: ಇನ್ನೊಬ್ಬನ ಜೀವಕ್ಕೆ ಕೈಹಾಕಬಾರದು. ಹೀಗಿರುವಾಗ ಸಮಾಜದ ಕಾನೂನಿನಿಂದ ತಪ್ಪಿಸಿಕೊಂಡು ಲಾಕ್‌ನ ಕಾಡಿಗೆ ಹೋದರೂ ಈ ನಾಲ್ವರಿಗೆ ಬಿಡುಗಡೆಯಿಲ್ಲ. ಕಥೆಯಲ್ಲೂ ಇಲ್ಲ: ಟ್ಯಾಟಿಂಗ್ ತೀರ್ಪಿನಿಂದ ಹಿಂದೆ ಸರಿಯುತ್ತಾನೆ, ಉಳಿದವರು ಇಬ್ಬರಿಗಿಬ್ಬರು ಸಮನಾಗುತ್ತಾರೆ, ಹಾಗಾಗಿ ಗಲ್ಲು ಖಾಯಂ.

ಫುಲ್ಲರ್ ತಮ್ಮ ಕಥೆಯಲ್ಲಿ ಒಂದು ಉಪಕಾರ ಮಾಡಿದ್ದಾರೆ: ಐವರನ್ನೂ ಸಮಾನರನ್ನಾಗಿ ಇಟ್ಟಿದ್ದಾರೆ. ಎಲ್ಲರೂ ಮಾತಾಡಬಲ್ಲವರು, ಎಲ್ಲರ ಮೇಲೂ ದಾಳ ಬೀಳಬಹುದು. ಮಿನ್ಯೊನೆಟ್‌ನ ದೋಣಿಯಲ್ಲಿ ಆ ಸಮಾನತೆ ಇರಲಿಲ್ಲ. ಪಾರ್ಕರ್‌ಗೆ ತಂದೆ ತಾಯಿ ಇರಲಿಲ್ಲ, ಹೆಂಡತಿ ಮಕ್ಕಳಿರಲಿಲ್ಲ. ತಮಗೆ ಸಂಸಾರವಿದೆ ಎಂಬುದೇ ಡಡ್ಲಿಯ ಲೆಕ್ಕದಲ್ಲಿ ತೂಕದ ವಿಷಯವಾಯಿತು. ಒಪ್ಪಂದದ ಸಿದ್ಧಾಂತ ಓದುವಾಗ ಸಹಿ ಹಾಕಿದವರು ಕಾಣುತ್ತಾರೆ, ದೋಣಿಯ ತಳದಲ್ಲಿ ಬಿದ್ದವನು ಕಾಣುವುದಿಲ್ಲ.

ಆ ಹೆಸರು ಮಾತ್ರ ಸಾಹಿತ್ಯದಲ್ಲಿ ಉಳಿಯಿತು. ವಿಚಿತ್ರವೆಂದರೆ ಘಟನೆಗೆ 46 ವರ್ಷ ಮೊದಲೇ, 1838ರಲ್ಲಿ, ಎಡ್ಗರ್ ಅಲನ್ ಪೋ ತನ್ನ ಸಮುದ್ರಯಾನದ ಕಾದಂಬರಿಯಲ್ಲಿ ಚೀಟಿ ಎತ್ತಿ ಬಲಿಯಾಗುವ ನಾವಿಕನಿಗೆ ರಿಚರ್ಡ್ ಪಾರ್ಕರ್ ಎಂದೇ ಹೆಸರಿಟ್ಟಿದ್ದ. 2001ರಲ್ಲಿ ಯಾನ್ ಮಾರ್ಟೆಲ್ ‘ಲೈಫ್ ಆಫ್ ಪೈ’ ಬರೆದಾಗ ಪಾಂಡಿಚೇರಿಯ ಹುಡುಗನೊಂದಿಗೆ ದೋಣಿ ಹಂಚಿಕೊಂಡ ಬಂಗಾಳ ಹುಲಿಗೂ ಅದೇ ಹೆಸರು. ಈ ಸಲ ರಿಚರ್ಡ್ ಪಾರ್ಕರ್ ತಿನ್ನಬಲ್ಲವನಾಗಿದ್ದ.