ಅಲಂಕಾರ ಮತ್ತು ಔಚಿತ್ಯ: ಸಾವಿರ ಕಂಬದ ಬಸದಿಯ ಪಾಠ

ಅಲಂಕಾರ ಎಷ್ಟಿರಬೇಕು, ಎಲ್ಲಿರಬೇಕು ಎಂಬುದು ಕಾವ್ಯಮೀಮಾಂಸೆಯ ಹಳೆಯ ಪ್ರಶ್ನೆ. ‘ಕವಿರಾಜಮಾರ್ಗ’ವು ತನ್ನ ಮೂರನೆಯ ಪರಿಚ್ಛೇದವನ್ನು ಅರ್ಥಾಲಂಕಾರಗಳಿಗೆ ಮೀಸಲಿರಿಸಿದೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನಾದರೋ ಔಚಿತ್ಯವನ್ನೇ ಕಾವ್ಯದ ಜೀವಿತವೆಂದನು. ಸೊಂಟದ ಡಾಬನ್ನು ಕೊರಳಿಗೆ ಧರಿಸಿದರೆ ನಗೆಪಾಟಲೇ ಸರಿ ಎಂಬುದು ಅವನ ವಾದ. ಈ ವಿವೇಕವನ್ನು ಕಲ್ಲಿನಲ್ಲಿ ಕಾಣಬೇಕಾದರೆ ಮೂಡುಬಿದಿರೆಗೆ ಹೋಗಬೇಕು.

ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ಕ್ರಿ.ಶ. 1430ರಲ್ಲಿ ನಿರ್ಮಾಣಗೊಂಡ ತ್ರಿಭುವನತಿಲಕ ಚೂಡಾಮಣಿ ಬಸದಿಯೇ ಜನರ ನಾಲಗೆಯ ಸಾವಿರ ಕಂಬದ ಬಸದಿ. ಅದರ ಮೊದಲ ಶಿಲ್ಪಿ ಮಳೆಯೆನ್ನಬೇಕು. ಹಂತಹಂತವಾಗಿ ಇಳಿಜಾರಾದ ಮಾಡುಗಳು, ಹೊರಚಾಚಿದ ಸೂರುಗಳು ಕರಾವಳಿಯ ಮುಂಗಾರಿಗೆ ಕೊಟ್ಟ ಉತ್ತರಗಳು. ಈ ಮಾಡುಗಳನ್ನು ಕಂಡ ಜೇಮ್ಸ್ ಫರ್ಗುಸನ್‌ಗೆ ನೇಪಾಳದ ಕಟ್ಟಡಗಳು ನೆನಪಾದವು. ಆದರೆ ಇವುಗಳ ಮೂಲವನ್ನರಸಿ ಅಷ್ಟು ದೂರ ಹೋಗಬೇಕಾಗಿಲ್ಲ. ತುಳುನಾಡಿನ ಯಾವುದೇ ಹಳೆಯ ಮನೆಯ ಮಾಡನ್ನು ನೋಡಿದರೆ ಸಾಕು. ಭಟ್ಕಳದ ಕೇತಪೈ ನಾರಾಯಣ ದೇಗುಲದಲ್ಲಿಯೂ ಇದೇ ಬುದ್ಧಿ ಕೆಲಸಮಾಡಿದೆ. ಅಲ್ಲಿ ಗೋಡೆಯ ಸ್ಥಾನದಲ್ಲಿರುವ ಕಲ್ಲಿನ ಅಡ್ಡಪಟ್ಟಿಗಳು ಎರಚಲನ್ನು ತಡೆದು ಗಾಳಿ–ಬೆಳಕುಗಳನ್ನು ಒಳಗೆ ಬಿಡುತ್ತವೆ.

ಬಸದಿಯ ಹೊರಜಗಲಿಯ ಕಂಬಗಳು ಮರದ ತೊಲೆಯನ್ನು ಚೌಕವಾಗಿ ಕಡಿದು ಅಂಚು ಕೆತ್ತಿದಂತೆ ಸರಳ. ಒಳಮಂಟಪಗಳ ಕಂಬಗಳಲ್ಲಾದರೋ ಕೆತ್ತನೆಯ ಸಿರಿ. ಒಂದರಂತೆ ಇನ್ನೊಂದಿಲ್ಲವೆಂಬುದು ಲೋಕಪ್ರಸಿದ್ಧ. ಮಳೆ ಬಡಿಯುವಲ್ಲಿ ಸಂಯಮ, ಭಕ್ತನ ಕಣ್ಣು ನಿಲ್ಲುವಲ್ಲಿ ಸಮೃದ್ಧಿ. ಕೆತ್ತನೆ ಎಷ್ಟೇ ಸೂಕ್ಷ್ಮವಾದರೂ ಕಂಬ ತನ್ನ ಹೊರೆಯನ್ನು ಮರೆತಿಲ್ಲ.

ಹಾಗಾದರೆ ಎದುರಿನ ಮಾನಸ್ತಂಭ? ಅದು ಯಾವ ಮಾಡನ್ನೂ ಹೊತ್ತಿಲ್ಲ. ಆದರೂ ಅದು ನಿರುಪಯುಕ್ತವಲ್ಲ. ‘ಮಾನ’ವೆಂದರೆ ಅಹಂಕಾರ; ಒಳಗಡಿಯಿಡುವವನ ಗರ್ವವನ್ನು ಇಳಿಸುವುದೇ ಅದರ ಕಾರ್ಯ. ಉಪಯುಕ್ತತೆಯನ್ನು ಕೇವಲ ಭಾರ ಹೊರುವ ಲೆಕ್ಕದಲ್ಲಿ ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಇದು ಗತವೈಭವದ ಮಾತಷ್ಟೇ ಅಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಇಳಿಜಾರು ಮಾಡನ್ನು ಕಳಚಿ ಸಮತಟ್ಟಾದ ಕಾಂಕ್ರೀಟ್ ತಾರಸಿ ಹಾಕಿ, ಅದರ ಮೇಲೆ ಬಣ್ಣದ ಗಾರೆಶಿಲ್ಪಗಳನ್ನು ಕೂರಿಸಿದರೆ ನಷ್ಟ ಇಮ್ಮಡಿ: ನೀರು ತಾರಸಿಯಲ್ಲಿ ನಿಲ್ಲುತ್ತದೆ, ಅಲಂಕಾರ ಅರ್ಥವಿಲ್ಲದೆ ನಿಲ್ಲುತ್ತದೆ. ಹಳೆಯ ಬಸದಿಯೊಂದನ್ನು ಮುಟ್ಟುವ ಮುನ್ನ ಅದರ ಸೂರಿನಡಿ ಒಂದು ಮಳೆಗಾಲ ನಿಂತು ನೋಡಬೇಕು. ಯಾವ ಕಲ್ಲು ಏಕೆ ಅಲ್ಲಿದೆಯೆಂಬುದನ್ನು ಮಳೆಯೇ ತಿಳಿಸೀತು.